ಮಗಳಿಗೆ ಮುತ್ತಜ್ಜಿಯ ಹೆಸರು: ಮೂರು ತಿಂಗಳ ಮಾತು, ಎರಡು ತಿಂಗಳ ಕಾಗದ

ನಮ್ಮ ಮಗಳಿಗೆ ಹೋದ ವಾರ ಒಂಬತ್ತು ತಿಂಗಳು ತುಂಬಿತು. ಅವಳ ಹೆಸರಿನ ಕೆಲಸ ಎಲ್ಲಾ ಕಡೆ ಮುಗಿದದ್ದು ಅದಕ್ಕೆ ಹದಿನೈದು ದಿನ ಮುಂಚೆ. ಎರಡೇ ಅಕ್ಷರದ ಹೆಸರು. ಅದನ್ನು ಆರಿಸೋಕೆ ಮೂರು ತಿಂಗಳು ಬೇಕಾಯಿತು, ಸರ್ಟಿಫಿಕೇಟಿಗೆ ಇಳಿಸೋಕೆ ಇನ್ನೆರಡು ತಿಂಗಳು. ಮನೆಯ ಹಿರಿಯರ ಹೆಸರನ್ನೇ ಇಡಬೇಕು ಅಂದುಕೊಂಡಿರುವವರು ನಮ್ಮ ಹಾಗೆ ಸುತ್ತದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಅರ್ಧ ಕಾಗದದ ಕಥೆ, ಇನ್ನರ್ಧ ನಮ್ಮತ್ತೆಯ ಕಥೆ.

ಮಗು ಹುಟ್ಟಿದ್ದು ತುಮಕೂರಿನ ಒಂದು ಆಸ್ಪತ್ರೆಯಲ್ಲಿ, ಕಾರ್ತಿಕ ಮಾಸದಲ್ಲಿ. ಗೂಳೂರು ಗಣಪನಿಗೆ ಪೂಜೆ ನಡೆಯುತ್ತಿದ್ದ ದಿನಗಳು. ಪಕ್ಕದ ಬೆಡ್‌ನವರ ಮನೆಯವರು ಅಲ್ಲಿಗೆ ಹೋಗಿ ಬಂದು ನನಗೂ ಪ್ರಸಾದ ಕೊಟ್ಟಿದ್ದರು. ಎರಡನೇ ದಿನ ಬೆಳಗಿನ ಜಾವ ನರ್ಸ್ ಒಂದು ಫಾರಂ ತಂದು ನಮ್ಮನೆಯವರ ಕೈಗೆ ಕೊಟ್ಟರು. ತಂದೆ ಹೆಸರು, ತಾಯಿ ಹೆಸರು, ವಿಳಾಸ, ಮಗುವಿನ ಹೆಸರು. ಇವರಿಗೆ ಎರಡು ರಾತ್ರಿಯಿಂದ ನಿದ್ದೆ ಇರಲಿಲ್ಲ. ಕಾರಿಡಾರ್‌ನಲ್ಲಿ ಮೊಣಕಾಲ ಮೇಲೆ ಪೇಪರ್ ಇಟ್ಟುಕೊಂಡು ತುಂಬಿಸಿದರು. ಮಗುವಿನ ಹೆಸರಿನ ಜಾಗಕ್ಕೆ ಬಂದಾಗ ನಮ್ಮ ಚಿಕ್ಕಪ್ಪ, "ಏನಾದ್ರೂ ಬರ್ದು ಬಿಡು, ಆಮೇಲೆ ಬದಲಾಯಿಸ್ಕೊಂಡ್ರಾಯ್ತು" ಅಂದರು. ಇವರು ಪುಣ್ಯಕ್ಕೆ ಖಾಲಿ ಬಿಟ್ಟರು. ಆ ಫಾರಂನಲ್ಲಿ ಇವರು ಮಾಡಿದ ಸರಿಯಾದ ಕೆಲಸ ಅದೊಂದೇ ಅಂತ ಆಮೇಲೆ ಗೊತ್ತಾಯಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇಲ್ಲಿ ಒಂದು ಮಾತು. ಆಸ್ಪತ್ರೆಯಲ್ಲೇ ಹೆಸರು ಕೊಡಲೇಬೇಕು ಅಂತೇನಿಲ್ಲ. ಹೆರಿಗೆ ಆಸ್ಪತ್ರೆಯಲ್ಲಾದರೆ 21 ದಿನದೊಳಗೆ ಜನನದ ಮಾಹಿತಿ ಕಳಿಸುವ ಜವಾಬ್ದಾರಿ ಆಸ್ಪತ್ರೆಯದು. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಇದೆ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೋದರೆ ದಂಡ ಇಲ್ಲದೆ ಹೆಸರು ಸೇರಿಸುತ್ತಾರೆ. ಆಮೇಲೂ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಒಮ್ಮೆ ಸೇರಿಸಿದ ಹೆಸರನ್ನು ಬದಲಿಸೋದು ಚಿಕ್ಕಪ್ಪ ಹೇಳಿದಷ್ಟು ಸಲೀಸಲ್ಲ. ಅಕ್ಷರ ತಪ್ಪು ತಿದ್ದೋದು ಬೇರೆ, ಹೆಸರನ್ನೇ ಬದಲಿಸೋದು ಬೇರೆ. ಹಾಗಾಗಿ ಖಾಲಿ ಬಿಡಿ, ಬಾಣಂತನಕ್ಕೆ ಹೋಗಿ, ನಿಧಾನವಾಗಿ ಜಗಳ ಆಡಿ.

ನಾವು ಹಾಗೇ ಮಾಡಿದೆವು.

ಇವರಿಗೆ ಮೊದಲಿಂದಲೂ ಒಂದೇ ಆಸೆ. ಹೆಣ್ಣು ಮಗು ಆದರೆ ಅವರಜ್ಜಿ ಹೆಸರು. ಅಜ್ಜಿ ಗಂಗಮ್ಮ ತೀರಿಕೊಂಡು ಮೂರು ವರ್ಷ ಆಗಿದೆ. ಅತ್ತೆ ಮಾವ ಇಬ್ಬರೂ ಬೆಳಗಾದರೆ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಇವರನ್ನು ಎತ್ತಿ ಆಡಿಸಿದ್ದು, ಗುಬ್ಬಿ ಕಡೆಯ ಆ ಹಳ್ಳಿಯಲ್ಲಿ ಸ್ಕೂಲಿಗೆ ಕೈ ಹಿಡಿದು ಬಿಟ್ಟು ಬಂದಿದ್ದು ಎಲ್ಲಾ ಅವರೇ. ಎಲೆ ಅಡಿಕೆ ಚೀಲದಿಂದ ತೆಗೆದು ಕೊಡುತ್ತಿದ್ದ ನಾಲ್ಕಾಣೆಗೆ ಸುಣ್ಣ ಅಂಟಿರುತ್ತಿತ್ತಂತೆ. ಅಂಗಡಿಯವನು ಅದನ್ನು ಉಜ್ಜಿ ನೋಡಿಯೇ ಪೆಪ್ಪರ್‌ಮೆಂಟ್ ಕೊಡುತ್ತಿದ್ದನಂತೆ. ನಾನು ಅಜ್ಜಿಯನ್ನು ನೋಡಿದ್ದು ಎರಡೇ ವರ್ಷ. ಮದುವೆಯಾದ ಹೊಸದರಲ್ಲಿ ನನಗೆ ಮುದ್ದೆ ತೊಳಸೋಕೆ ಬರಲ್ಲ ಅಂತ ಗೊತ್ತಾದಾಗ ಯಾರಿಗೂ ಹೇಳದೆ ಕೋಲು ಇಸ್ಕೊಂಡು ತಾವೇ ತೊಳಸಿದ್ದರು. ಅಷ್ಟು ಸಾಕಾಗಿತ್ತು ನನಗೆ. ಹೆಸರಿಗೆ ನನ್ನದೂ ಒಪ್ಪಿಗೆ ಇತ್ತು. ಆದರೆ ಪೂರ್ತಿ 'ಗಂಗಮ್ಮ' ಬೇಡ, ಅದೇ ಅರ್ಥದ್ದು ಇನ್ನೊಂದು ಹುಡುಕೋಣ ಅಂದೆ. ನನ್ನ ಮನಸ್ಸಿನಲ್ಲಿದ್ದದ್ದು ಜಾಹ್ನವಿ.

ಮೊದಲ ಅಡ್ಡಿ ತವರಿನಿಂದ. ನಮ್ಮೂರು ಕೊರಟಗೆರೆ ತಾಲ್ಲೂಕು. ಅಮ್ಮ ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತಿದ್ದರು, ಲಕ್ಷ್ಮಿ ಹೆಸರೇ ಇಡಬೇಕು ಅಂತ. ಸಾಲದು ಅಂತ ಹುಟ್ಟಿದ ಟೈಮು ಹಿಡಿದುಕೊಂಡು ಜೋಯಿಸರ ಹತ್ತಿರ ಹೋದರು. ಜೋಯಿಸರು ಪಂಚಾಂಗ ನೋಡಿ ಹಸ್ತ ನಕ್ಷತ್ರ, ಮೂರನೇ ಪಾದ ಅಂದರು. ಹಸ್ತಕ್ಕೆ ಬರೋ ಅಕ್ಷರ ಪು, ಷ, ಣ, ಠ. ಮೂರನೇ ಪಾದ ಅಂದರೆ 'ಣ'.

ಣ ಅಕ್ಷರದಿಂದ ಶುರುವಾಗುವ ಹೆಸರು ಯಾವುದಿದೆ ಹೇಳಿ. ಇಡೀ ಮನೆ ಒಂದು ವಾರ ಯೋಚಿಸಿತು. ನನ್ನ ತಮ್ಮ ಫೋನ್‌ನಲ್ಲಿ ಹುಡುಕಿ ಹುಡುಕಿ ಸುಸ್ತಾದ. ಕೊನೆಗೆ ಜೋಯಿಸರೇ ದಾರಿ ತೋರಿಸಿದರು. ಪಾದದ ಅಕ್ಷರ ಸಿಗದಿದ್ದರೆ ರಾಶಿಯ ಬೇರೆ ಅಕ್ಷರ ತಗೊಳ್ಳಬಹುದು. ಕನ್ಯಾ ರಾಶಿಗೆ 'ಪ' ಬರುತ್ತದೆ. ಜಾತಕಕ್ಕೆ ಬರೆಯೋ ಹೆಸರು ಬೇರೆ, ಕರೆಯೋ ಹೆಸರು ಬೇರೆ ಇಟ್ಟುಕೊಂಡರೆ ತಪ್ಪೇನಿಲ್ಲ. ಹಾಗೆ ಜಾತಕಕ್ಕೆ 'ಪದ್ಮಜಾ' ಅಂತಾಯಿತು. 'ಪ'ನೂ ಬಂತು, ಲಕ್ಷ್ಮಿ ಹೆಸರೂ ಆಯಿತು. ಅಮ್ಮನ ಮುಖ ಅರಳಿತು. ಜಾತಕದ ಅಕ್ಷರಕ್ಕೆ ಸಿಕ್ಕಿ ಒದ್ದಾಡುವವರು ಮೊದಲ ದಿನವೇ ಇದನ್ನು ಕೇಳಿ. ನಮಗೆ ಸುಮ್ನೆ ಒಂದು ವಾರ ಹೋಯಿತು.

ಆದರೆ ಜೋಯಿಸರು ಹೋಗುವಾಗ ಇನ್ನೊಂದು ಹುಳ ಬಿಟ್ಟು ಹೋದರು. ಹೆಣ್ಣು ಮಕ್ಕಳ ಹೆಸರಿಗೆ ಅಕ್ಷರಗಳು ಬೆಸ ಸಂಖ್ಯೆಯಲ್ಲಿರಬೇಕಂತೆ. ಮೂರು ಅಥವಾ ಐದು. ನಾನು ಖುಷಿಯಿಂದ, "ಜಾಹ್ನವಿ ಮೂರಕ್ಷರ" ಅಂದೆ. ಅವರು ಬೆರಳು ಮಡಿಸಿ ಎಣಿಸಿ, "ಸರಿಯಾಗಿದೆ. ಆದ್ರೆ ಗಂಗಮ್ಮಾನೂ ಮೂರೇ ಅಲ್ವೇನಮ್ಮ?" ಅಂದರು.

ಜಾಹ್ನವಿ ಬಿದ್ದುಹೋಗಿದ್ದು ಶಾಸ್ತ್ರದಿಂದ ಅಲ್ಲ. ಅಜ್ಜಿಯ ತಂಗಿ ಇನ್ನೂ ಊರಲ್ಲಿದ್ದಾರೆ. ಎಲ್ಲರೂ ಅವರನ್ನು ಚಿಕ್ಕಜ್ಜಿ ಅಂತಾರೆ. ಇವರು ಫೋನ್ ಮಾಡಿ, "ನಿಮ್ಮಕ್ಕನ ಹೆಸರನ್ನೇ ಹೊಸ ಥರ ಮಾಡಿ ಜಾಹ್ನವಿ ಅಂತ ಇಡ್ತಿದೀವಿ" ಅಂದರು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಏನು, ಜಾನುವಾರಾ?" ಅಂದರು. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು. ನಾನೂ ನಕ್ಕೆ. ಆದರೆ ರಾತ್ರಿ ಮಗುವಿಗೆ ಹಾಲು ಕೊಡುವಾಗ ಯೋಚನೆ ಬಂತು. ಗಂಗಮ್ಮನ ಸ್ವಂತ ತಂಗಿಗೇ ಇದು ಅಕ್ಕನ ಹೆಸರು ಅಂತ ಗುರುತು ಹತ್ತದಿದ್ದರೆ, ಇದು ಯಾರ ಹೆಸರು? ಭಾಗೀರಥಿ, ಮಂದಾಕಿನಿ, ಅಲಕನಂದಾ ಎಲ್ಲವನ್ನೂ ಅಳೆದು ನೋಡಿದೆವು. ಎಲ್ಲಾ ಗಂಗೆಯವೇ, ಆದರೆ ನಮ್ಮ ಗಂಗಮ್ಮ ಯಾವುದರಲ್ಲೂ ಇರಲಿಲ್ಲ. ಇಂಗ್ಲಿಷ್‌ನಲ್ಲಿ ಜಾಹ್ನವಿ ಬರೆಯುವಾಗ 'ಹೆಚ್' ಮೊದಲಾ 'ಎನ್' ಮೊದಲಾ ಅನ್ನೋ ಜಗಳ ಬೇರೆ. ನನಗೆ ಗೊತ್ತಿರೋ ಮೂವರು ಮೂರು ಥರ ಬರೆಯುತ್ತಾರೆ.

ಹಾಗಾದರೆ ಗಂಗಾ ಅಂತಲೇ ಇಡೋಣ ಅಂದೆ. ಆಗ ಅತ್ತೆ ಬೇಡ ಅಂದರು.

ನಮ್ಮತ್ತೆಗೆ ಅಜ್ಜಿ ಮೇಲೆ ಸಿಟ್ಟೇನೂ ಇರಲಿಲ್ಲ. ಅಡ್ಡಿ ಬೇರೆ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದು. ಮೂವತ್ತೈದು ವರ್ಷದಿಂದ ಅವರು ಹೇಳಿಲ್ಲ. ನಾನು ಬಂದ ಹೊಸದರಲ್ಲಿ ಇದು ಗಮನಕ್ಕೇ ಬಂದಿರಲಿಲ್ಲ. ಈಗ ಹಿಂದಿನದೆಲ್ಲಾ ನೆನಪಿಸಿಕೊಂಡರೆ ನಗು ಬರುತ್ತದೆ. ಸಿದ್ಧಗಂಗೆಗೆ ಹೋಗೋದಿದ್ದರೆ "ಮಠಕ್ಕೆ ಹೋಗ್ಬರ್ತೀನಿ" ಅಂತಾರೆ. ಎದುರು ಮನೆಯ ಗಂಗಾಂಬಿಕೆ ಇವರ ಬಾಯಲ್ಲಿ ಬರೀ ಅಂಬಿಕೆ. ಗಂಗೆ ಪೂಜೆಗೆ "ನೀರಿನ ಪೂಜೆ". ಒಂದು ಸಲ ರೇಷನ್ ಅಂಗಡಿಯವರು ಕಾರ್ಡ್ ಯಾರ ಹೆಸರಲ್ಲಿದೆ ಅಂತ ಕೇಳಿದಾಗ "ನಮ್ಮ ದೊಡ್ಡೋರ ಹೆಸ್ರಲ್ಲೈತೆ" ಅಂದು ಸುಮ್ಮನಾಗಿದ್ದರಂತೆ. ಅಜ್ಜಿ ಹೋದ ಮೇಲೂ ಇದು ಬದಲಾಗಿಲ್ಲ.

"ಮಗ ತಪ್ಪು ಮಾಡಿದ್ರೆ ಬೈಬೇಕಾಯ್ತದೆ. ಅತ್ತೆ ಹೆಸ್ರು ಹಿಡ್ದು ಬೈಯಾಕಾಯ್ತದಾ?" ಅಂತ ನನ್ನನ್ನೇ ಕೇಳಿದರು. ನಮ್ಮ ಕಡೆ ಮಗ ಅಂದರೆ ಹೆಣ್ಣು ಮಗುವೂ ಹೌದು. ನಾನು ಮೊದಲು ಇದನ್ನು ಹಳೆ ಕಾಲದ್ದು ಅಂತ ತಳ್ಳಿಹಾಕೋಕೆ ನೋಡಿದೆ. ಆಮೇಲೆ ನನ್ನ ಫೋನ್ ನೋಡಿದೆ. ಗಂಡನ ನಂಬರನ್ನು ನಾನು ಉಳಿಸಿಕೊಂಡಿರೋದು 'ಮನೆಯವರು' ಅಂತ. ಇಲ್ಲೂ 'ಇವರು', 'ನಮ್ಮನೆಯವರು' ಅಂತಲೇ ಬರೆಯುತ್ತಿದ್ದೇನೆ. ಇನ್ನು ಅವರಿಗೇನು ಹೇಳಲಿ.

ಮಾವ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಒಂದು ಭಾನುವಾರ ತವರಿಗೆ ಮಗು ನೋಡೋಕೆ ಬಂದವರು ಒಂದು ಪ್ಲಾಸ್ಟಿಕ್ ಕವರ್ ತಂದು ಚಾಪೆ ಮೇಲೆ ಸುರಿದರು. ಅಜ್ಜಿಯ ಕಾಗದಗಳು. ಪಹಣಿಯಲ್ಲಿ 'ಪುಟ್ಟಗಂಗಮ್ಮ ಕೋಂ' ಅಂತಿದೆ, ಮುಂದೆ ತಾತನ ಹೆಸರು. ಕೋಂ ಅಂದರೆ ಇಂಥವರ ಹೆಂಡತಿ ಅಂತ. ಆಧಾರ್‌ನಲ್ಲಿ ಬರೀ 'ಗಂಗಮ್ಮ'. ಪಿಂಚಣಿಯ ಪುಸ್ತಕದಲ್ಲಿ ಕೊನೆಗೊಂದು ಇನಿಷಿಯಲ್. ಒಂದು ಹಳೇ ರಸೀದಿಯಲ್ಲಿ ಕೊಂಬು ಹೋಗಿ 'ಪಟ್ಟಗಂಗಮ್ಮ'. ಎಲ್ಲದರ ಕೆಳಗೂ ನೇರಳೆ ಬಣ್ಣದ ಹೆಬ್ಬೆಟ್ಟು. ಹೆಬ್ಬೆಟ್ಟು ಮಾತ್ರ ಎಲ್ಲದರಲ್ಲೂ ಒಂದೇ ಥರ ಇತ್ತು. ಅಜ್ಜಿ ಹೋದ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸೋಕೆ ಮಾವನಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಪಹಣಿಯ ಪುಟ್ಟಗಂಗಮ್ಮನೂ ಮರಣ ಪತ್ರದ ಗಂಗಮ್ಮನೂ ಒಬ್ಬರೇ ಅಂತ ತೋರಿಸೋಕೆ ವಂಶವೃಕ್ಷ, ಅಫಿಡವಿಟ್, ಸಾಕ್ಷಿಗಳು.

"ಯಾವ ಹೆಸ್ರಾದ್ರೂ ಇಡಿ. ಎಲ್ಲಾ ಕಡೆ ಒಂದೇ ಇರ್ಲಿ. ಮುಂದಕ್ಕೆ ಕೋಂ ಪಾಂ ಏನೂ ಬೇಡ" ಅಂದು ಕಾಗದ ಜೋಡಿಸಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ, "ನೀನು ತಾಯಿ ಅಂತ ಕರೀ. ನಾನಂತೂ ಅವ್ವ ಅಂತಾನೇ ಕರೀತೀನಿ" ಅಂದರು. ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ನಮ್ಮನೇಲಿ ಅದಕ್ಕೆ ಒಪ್ಪಿಗೆ ಅಂತ ಅರ್ಥ.

ಗಂಗಮ್ಮ ಅಂತಲೇ ಯಾಕೆ ಇಡಲಿಲ್ಲ ಅಂತ ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಮೂರಕ್ಷರ ಇತ್ತು, ಶಾಸ್ತ್ರಕ್ಕೂ ಸರಿ ಇತ್ತು. ಸಾಲುಮರದ ತಿಮ್ಮಕ್ಕ ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದವರು, 2019ರಲ್ಲಿ ಪದ್ಮಶ್ರೀ ಬಂದಾಗ ಆ ಹೆಸರನ್ನು ಯಾರೂ ಹಳೆಯದು ಅನ್ನಲಿಲ್ಲ. ಆದರೂ ಎಲ್‌ಕೆಜಿ ಹಾಜರಿಯಲ್ಲಿ 'ಗಂಗಮ್ಮ' ಅಂತ ಕೂಗೋದನ್ನ ನೆನೆಸಿಕೊಂಡು ನನಗೆ ಧೈರ್ಯ ಬರಲಿಲ್ಲ. ಗಂಗಾ ಅಂತ ಆಯಿತು.

ಹೆಸರಿಡೋ ಶಾಸ್ತ್ರ ಹನ್ನೊಂದನೇ ದಿನಕ್ಕೆ ಆಗಲಿಲ್ಲ. ಆಮೇಲೆ ಧನುರ್ಮಾಸ ಬಂತು, ಪುಷ್ಯದಲ್ಲಿ ಬೇಡ ಅಂದರು. ಮಾಘದಲ್ಲಿ ತುಮಕೂರಿನ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಬೆಳಿಗ್ಗೆ ಗಂಗೆ ಪೂಜೆ. ಬಾವಿ ಎಲ್ಲಿಂದ ಬರಬೇಕು? ಸಂಪಿನ ಪಕ್ಕದ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಸುತ್ತಿ, ನಾನು ಪೂಜೆ ಮಾಡಿದೆ. ಪೂಜೆ ಗಂಗೆಗೆ, ನಲ್ಲೀಲಿ ಬರೋದು ಬುಗುಡನಹಳ್ಳಿ ಕೆರೆಯ ಹೇಮಾವತಿ. ಸಂಜೆ ತೊಟ್ಟಿಲಿಗೆ ಮೊದಲು ಗುಂಡುಕಲ್ಲು ಹಾಕಿ ತೆಗೆದರು, ಆಮೇಲೆ ಮಗು. ತಟ್ಟೆಯಲ್ಲಿ ಅಕ್ಕಿ ಹರಡಿ ಇವರು ಉಂಗುರದಲ್ಲಿ ಹೆಸರು ಬರೆದರು. ಸೋದರತ್ತೆ, ಅಂದರೆ ನನ್ನ ನಾದಿನಿ, ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದಳು. ಪದ್ಮಜಾ ಅಂತಲೂ ಹೇಳಿಸಿದರು ನಮ್ಮಮ್ಮ, ಬಿಡಲಿಲ್ಲ. ಎಂಬತ್ತು ಜನರ ಊಟ, ಶಾಮಿಯಾನ, ಅಡುಗೆಯವರು ಎಲ್ಲಾ ಸೇರಿ 42 ಸಾವಿರ ಆಯಿತು. ಹೋಳಿಗೆ ಉಳಿಯಿತು, ಪಲ್ಯ ಸಾಲಲಿಲ್ಲ.

ಈಗ ಕಾಗದದ ಭಾಗ. ಇಲ್ಲಿ ನಾವು ಎರಡು ತಪ್ಪು ಮಾಡಿದೆವು, ಎರಡೂ ನಮ್ಮವೇ.

ಮೊದಲನೆಯದು ತಪ್ಪು ಜಾಗಕ್ಕೆ ಹೋಗಿದ್ದು. ಶಾಸ್ತ್ರ ಮುಗಿಸಿ ನಾನು ಮತ್ತೆ ತವರಿಗೆ ಬಂದಿದ್ದೆ. ಇಲ್ಲೇ ಸೇರಿಸೋಣ ಅಂತ ಅಪ್ಪ ಊರಿನ ಕಚೇರಿಗೆ ಹೋದರು. ಅಲ್ಲಿ ನೋಡಿದ ತಕ್ಷಣ, "ಮಗು ಹುಟ್ಟಿದ್ದೆಲ್ಲಿ? ಅಲ್ಲೇ ಹೋಗ್ಬೇಕು" ಅಂದರು. ಜನನ ನೋಂದಣಿ ಆಗೋದು ಮಗು ಹುಟ್ಟಿದ ಜಾಗದಲ್ಲಿ. ಅಪ್ಪ ಅಮ್ಮ ಎಲ್ಲಿ ವಾಸ ಇದ್ದಾರೆ, ಬಾಣಂತನ ಎಲ್ಲಿ ಅನ್ನೋದು ಲೆಕ್ಕಕ್ಕಿಲ್ಲ. ತವರಲ್ಲಿ ಹೆರಿಗೆ ಮಾಡಿಸಿಕೊಂಡು ಬೆಂಗಳೂರಿಗೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ಹೆಸರು ಸೇರಿಸೋಕೂ ತಿದ್ದುಪಡಿಗೂ ವಾಪಸ್ ಹೆರಿಗೆ ಆದ ಊರಿಗೇ ಬರಬೇಕು.

ಎರಡನೆಯದು ದೊಡ್ಡದು. ಸಂಬಂಧಪಟ್ಟ ಕಚೇರಿಗೆ ಅರ್ಜಿ, ಹೆಸರಿಲ್ಲದ ಸರ್ಟಿಫಿಕೇಟ್, ಇಬ್ಬರ ಆಧಾರ್ ಜೆರಾಕ್ಸ್, ಡಿಸ್ಚಾರ್ಜ್ ಕಾರ್ಡ್ ಎಲ್ಲಾ ತಗೊಂಡು ಹೋದೆವು. ಕೌಂಟರ್‌ನಲ್ಲಿದ್ದ ಹೆಂಗಸು ನನ್ನ ಆಧಾರ್ ನೋಡಿದರು, ಸರ್ಟಿಫಿಕೇಟ್ ನೋಡಿದರು, ಮತ್ತೆ ಆಧಾರ್ ನೋಡಿದರು. "ಮೇಡಂ, ಇದ್ರಲ್ಲಿ ನಿಮ್ಮ ಹೆಸ್ರು ಬೇರೆ ಇದೆಯಲ್ಲ." ಆಧಾರ್‌ನಲ್ಲಿ ನನ್ನ ಹೆಸರಿನ ಜೊತೆ ನಮ್ಮಪ್ಪನ ಇನಿಷಿಯಲ್ ಇದೆ, ಎಸ್‌ಎಸ್‌ಎಲ್‌ಸಿ ಕಾಲದಿಂದ ಹಾಗೇ. ಆ ನಿದ್ದೆಗೆಟ್ಟ ಬೆಳಗಿನ ಜಾವ ಇವರು ನನ್ನ ಹೆಸರಿನ ಮುಂದೆ ತಮ್ಮ ಹೆಸರು ಸೇರಿಸಿ ಬರೆದಿದ್ದರು. ಆಸ್ಪತ್ರೆಯ ಫಾರಂನಲ್ಲೇ ಹಾಗಿದ್ದರಿಂದ ಟೈಪ್ ತಪ್ಪು ಅಂತ ತಿದ್ದೋಕೆ ಬರಲಿಲ್ಲ. ನಾನು ಇವರ ಮುಖ ನೋಡಿದೆ. "ಕೋಂ" ಅಂದೆ. ಇವರು ನೆಲ ನೋಡಿದರು.

ತಿದ್ದುಪಡಿಗೆ ನಮ್ಮಿಂದ ಕೇಳಿದ್ದು ಇಬ್ಬರೂ ಸಹಿ ಮಾಡಿದ ಅಫಿಡವಿಟ್, ನಮ್ಮ ವಿಷಯ ಗೊತ್ತಿರೋ ಇಬ್ಬರು ಸಾಕ್ಷಿಗಳ ಹೇಳಿಕೆ, ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಇ-ಸ್ಟಾಂಪ್ 100 ರೂಪಾಯಿ, ಟೈಪಿಂಗ್ 100, ನೋಟರಿಗೆ 200. ಸಾಕ್ಷಿಗಳಾಗಿ ಚಿಕ್ಕಪ್ಪ ಮತ್ತು ಎದುರು ಮನೆ ಗಂಗಾಂಬಿಕೆ ಬಂದರು. ಅವರ ಜೊತೆ ಕಾಫಿ, ತಟ್ಟೆ ಇಡ್ಲಿ, ಆಟೊ ಸೇರಿಸಿದರೆ ಇನ್ನೊಂದು 450. ಒಂದೇ ದಿನದ ಕೆಲಸ ಅಲ್ಲ ಇದು. ನಾಲ್ಕು ಸಲ ಓಡಾಡಿದೆವು. ಒಂದು ಸಲ ಸಾಹೇಬರು ಮೀಟಿಂಗ್‌ನಲ್ಲಿದ್ದರು, ಒಂದು ಸಲ ಸರ್ವರ್ ಇರಲಿಲ್ಲ, ಒಂದು ಸಲ ನಾವೇ ಒರಿಜಿನಲ್ ಮರೆತು ಹೋಗಿದ್ದೆವು. ಮೂರು ತಿಂಗಳ ಕೂಸನ್ನು ಕರೆದುಕೊಂಡು ಹೋಗೋ ಅಗತ್ಯ ಇಲ್ಲ, ಮನೆಯಲ್ಲಿ ಬಿಟ್ಟು ಹೋಗಿ. ನಾನು ಮೊದಲ ಸಲ ಎತ್ತಿಕೊಂಡು ಹೋಗಿ ಹಾಲು ಕೊಡೋಕೆ ಜಾಗ ಹುಡುಕಿ ಸಾಕಾಯಿತು.

ಹೆಸರು ಸೇರಿಸುವ ದಿನ ಆ ಹೆಂಗಸು ಪರದೆಯನ್ನು ನಮ್ಮ ಕಡೆ ತಿರುಗಿಸಿ, "ಇಂಗ್ಲಿಷ್ ಸ್ಪೆಲಿಂಗ್ ನೋಡ್ಕೊಳಿ, ಆಮೇಲೆ ಬಂದ್ರೆ ಮತ್ತೆ ಇದೇ ಕಥೆ" ಅಂದರು. ಕೊನೆಗೆ ಒಂದು 'ಎ' ಸಾಕಾ ಎರಡು ಬೇಕಾ? ಕನ್ನಡದಲ್ಲಿ ದೀರ್ಘ ಇದೆಯಲ್ಲ ಅಂತ ಇವರು ಎರಡು ಅಂದರು. ನಾನು ಒಂದೇ ಸಾಕು ಅಂದೆ. ಊರಿನ ಹೆಸರನ್ನೇ ನೋಡಿ, ಕನ್ನಡದಲ್ಲಿ ಯಾವಾಗಲೂ ತುಮಕೂರು, ಇಂಗ್ಲಿಷ್‌ನಲ್ಲಿ ಅದು ಸರಿಹೋಗೋಕೆ 2014ರ ನವೆಂಬರ್ 1 ಬರಬೇಕಾಯಿತು. ಇವತ್ತಿಗೂ ಅರ್ಧ ಬೋರ್ಡ್ ಹಳೇದೇ ಇವೆ. ಒಂದು 'ಎ' ಅಂತಾಯಿತು. ಇನಿಷಿಯಲ್ ಬದಲು ಇವರ ಹೆಸರನ್ನು ಪೂರ್ತಿ ಬರೆಸಿದೆವು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು ಅಂತ ನನ್ನ ತಮ್ಮ ಒದ್ದಾಡಿದ್ದು ನೆನಪಿತ್ತು.

ಈಗ ಈ ಸರ್ಟಿಫಿಕೇಟ್ ಮುಂಚಿನಷ್ಟು ಹಗುರವಾದದ್ದಲ್ಲ. ಕಾಯ್ದೆಗೆ ತಿದ್ದುಪಡಿ ಆಗಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲು, ಲೈಸೆನ್ಸು, ಓಟರ್ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನ, ಜಾಗಕ್ಕೆ ಇದೇ ದಾಖಲೆ. ಹಾಗಾಗಿ ಅಪ್ಪ, ಅಮ್ಮ, ಮಗು ಮೂವರ ಹೆಸರನ್ನೂ ಎರಡೂ ಭಾಷೆಯಲ್ಲಿ ಒಂದೊಂದಕ್ಷರ ಓದಿ. ಓದಿದ ಮೇಲೆ ಇನ್ನೊಬ್ಬರ ಕೈಲಿ ಓದಿಸಿ.

ಆಮೇಲಿನದು ಸಲೀಸು. ಆಧಾರ್‌ಗೆ ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚು ತಗೊಳ್ಳಲ್ಲ, ಬರೀ ಫೋಟೊ, ಜೊತೆಗೆ ಅಪ್ಪ ಅಥವಾ ಅಮ್ಮನ ಬೆರಳಚ್ಚು. ದುಡ್ಡೂ ಇಲ್ಲ. ನಮ್ಮ ಗಂಗಾ ಅಳುತ್ತಾ ಬಾಯಿ ತೆರೆದಿರೋ ಫೋಟೊನೇ ಬಂದಿದೆ. ಪೋಸ್ಟ್ ಆಫೀಸಲ್ಲಿ ಸುಕನ್ಯಾ ಖಾತೆ 250 ರೂಪಾಯಿಗೆ ತೆರೆದೆವು. ಎಲ್ಲಾ ಕಡೆ ಒಂದೇ ಹೆಸರು, ಒಂದೇ 'ಎ'. ಮಾವ ಮೂರನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ಹಾಕಿಕೊಂಡು ನೋಡಿದರು. ನೋಡಿ, ಅಜ್ಜಿಯ ಕಾಗದಗಳಿದ್ದ ಅದೇ ಪ್ಲಾಸ್ಟಿಕ್ ಕವರ್‌ಗೆ ಹಾಕಿಟ್ಟರು.

ಹೋದ ವಾರ ಒಂಬತ್ತು ತಿಂಗಳ ದಡಾರ ಲಸಿಕೆಗೆ ನಾನು, ಅತ್ತೆ ಹೋಗಿದ್ದೆವು. ಜನ ಜಾಸ್ತಿ ಇತ್ತು. ನಾನು ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ನಮ್ಮ ಸರದಿ ಬಂದುಬಿಟ್ಟಿತ್ತು. ಅತ್ತೆ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಬೆಂಚಿನ ಮೇಲೆ ಕೂತಿದ್ದರು. ನರ್ಸ್ ತಲೆ ಎತ್ತದೆ, "ಮಗು ಹೆಸ್ರೇನಮ್ಮ?" ಅಂದರು. ಅತ್ತೆ ಬಾಗಿಲ ಕಡೆ ನೋಡಿದರು. ನಾನು ಜನರ ಹಿಂದೆ ಸಿಕ್ಕಿಕೊಂಡಿದ್ದೆ. "ಅಮ್ಮಾ, ಹೆಸ್ರು?" ಅಂತ ಮತ್ತೆ ಕೇಳಿದರು. ಅತ್ತೆ ತಾಯಿ ಕಾರ್ಡನ್ನು ಅವರ ಮುಂದೆ ತಳ್ಳಿ, "ಅದ್ರಾಗೇ ಬರ್ದೈತೆ ನೋಡಿ ಮೇಡಂ" ಅಂದರು.

ನರ್ಸ್ ಕಾರ್ಡ್ ಬಿಡಿಸಿ ಜೋರಾಗಿ ಓದಿದರು, "ಗಂಗಾ."

ಅತ್ತೆ ಮಗುವನ್ನು ಎದೆಗೆ ಎತ್ತಿಕೊಂಡು, ಸೆರಗು ಹೊದ್ದುಕೊಂಡು ಎದ್ದು ನಿಂತರು.